ಖೋ ಖೋ ಅಂಗಳದಲ್ಲಿ ಗೆಲಿಲಿಯೊ

ಅಲ್ಲೇ ನಿಲ್ಲಿಸಿ! ಇನ್ನೊಂದು ಫ್ರೇಮ್ ಹಿಂದಕ್ಕೆ. ಹಾಂ, ಇದೇ! ಎಡಗೈ ಕಂಬವನ್ನು ಬಿಗಿಯಾಗಿ ಹಿಡಿದಿದೆ. ಒಂದು ಕಾಲು ನೆಲದಲ್ಲಿದೆ, ಇನ್ನೊಂದು ಗಾಳಿಯಲ್ಲಿದೆ. ಜಡೆ ಹಿಂದಕ್ಕೆ ನೆಟ್ಟಗೆ ಹಾರಿ ನಿಂತಿದೆ. ಹುಡುಗಿಯ ಇಡೀ ಮೈ ನೆಲದ ಕಡೆಗೆ ಎಷ್ಟು ಓರೆಯಾಗಿದೆಯೆಂದರೆ, ಹಾಗೆ ಸುಮ್ಮನೆ ನಿಂತವರು ಯಾರೇ ಆಗಲಿ ದೊಪ್ಪನೆ ಬೀಳಲೇಬೇಕು. ಇವಳು ಬಿದ್ದಿಲ್ಲ. ಮುಂದಿನ ಫ್ರೇಮಿನಲ್ಲೂ ಬಿದ್ದಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ಕಂಬವನ್ನು ಸುತ್ತಿ, ಮೈ ನೆಟ್ಟಗೆ ಮಾಡಿಕೊಂಡು, ಅಂಗಳದ ಆಚೆ ಬದಿಯಲ್ಲಿ ಓಡುತ್ತಲೇ ಇದ್ದಾಳೆ!

ಸರ್ಕಾರಿ ಪ್ರೌಢಶಾಲೆಯೊಂದರ ಕಂಪ್ಯೂಟರ್ ಕೊಠಡಿ. ಒಂಬತ್ತನೇ ತರಗತಿಯ ಮಕ್ಕಳು ಒಂದೇ ಮಾನಿಟರಿನ ಮುಂದೆ ಗುಂಪುಗೂಡಿದ್ದಾರೆ. ವಿಜ್ಞಾನದ ಪ್ರಾಜೆಕ್ಟಿಗೆ ಕ್ರೀಡೆಯಲ್ಲಿ ಭೌತವಿಜ್ಞಾನ ಎಂಬ ವಿಷಯ ಸಿಕ್ಕಿದೆ, ವಿಡಿಯೊ ಮಾಡಬೇಕು. ಕ್ರಿಕೆಟ್ ಎಲ್ಲರೂ ಮಾಡುತ್ತಾರೆ, ನಾವು ನಮ್ಮ ಆಟವನ್ನೇ ಮಾಡುತ್ತೇವೆ ಎಂದು ಹಟ ಹಿಡಿದ ಹುಡುಗಿಯರು ತಮ್ಮ ಶಾಲೆಯ ಖೋ ಖೋವನ್ನು ಟೀಚರ್ ಮೊಬೈಲಿನಲ್ಲಿ ತುಂಬಿಸಿಕೊಂಡು ಬಂದಿದ್ದಾರೆ. ಸೆಕೆಂಡಿಗೆ 240 ಫ್ರೇಮ್‌ಗಳ ಸ್ಲೋ ಮೋಷನ್. ಅಂಗಳದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋದ ತಿರುವು ಈಗ ಪರದೆಯ ಮೇಲೆ ಒಂದೊಂದೇ ಚಿತ್ರವಾಗಿ ಬಿಚ್ಚಿಕೊಳ್ಳುತ್ತಿದೆ.

“ಮಿಸ್, ಇವಳು ಯಾಕೆ ಬೀಳ್ತಿಲ್ಲ?”

ಆ ಒಂದು ಪ್ರಶ್ನೆಯಲ್ಲಿ ಇಡೀ ಪ್ರಾಜೆಕ್ಟ್ ಇದೆ. ಅದರಲ್ಲಿ ನ್ಯೂಟನ್ ಇದ್ದಾನೆ, ಗೆಲಿಲಿಯೊ ಇದ್ದಾನೆ, ಘರ್ಷಣೆ ಇದೆ, ಗುರುತ್ವ ಇದೆ. ಚಲನೆ, ಬಲ, ಗುರುತ್ವ, ಕೆಲಸ ಮತ್ತು ಶಕ್ತಿ, ಶಬ್ದ ಎಂದು ಪಠ್ಯಪುಸ್ತಕದಲ್ಲಿ ಬೇರೆ ಬೇರೆ ಪಾಠಗಳಾಗಿ ಕೂತಿರುವುದೆಲ್ಲ ಈ ಅಂಗಳದಲ್ಲಿ ಒಟ್ಟಿಗೇ ಓಡಾಡುತ್ತಿದೆ. ಅದನ್ನು ಹಿಡಿಯಲು ಬೇಕಾದದ್ದು ಒಂದು ಮೊಬೈಲು, ಒಂದು ಅಳತೆ ಟೇಪು ಮತ್ತು ಕಂಪಾಸ್ ಬಾಕ್ಸಿನ ಕೋನಮಾಪಕ. ಅಷ್ಟೇ!

ಕಂಬ ಕೊಡುವ ಬಲ

ಮೊದಲು ಆಟದ ನಿಯಮ ನೆನಪಿಸಿಕೊಳ್ಳಿ. ಅಂಗಳ 27 ಮೀಟರ್ ಉದ್ದ, 16 ಮೀಟರ್ ಅಗಲ. ನಡುವೆ ಪಟ್ಟಿ, ಪಟ್ಟಿಯ ಎರಡು ತುದಿಗೆ 120ರಿಂದ 125 ಸೆಂಟಿಮೀಟರ್ ಎತ್ತರದ ಎರಡು ಕಂಬಗಳು. ಎಂಟು ಮಂದಿ ಒಬ್ಬರು ಆ ಕಡೆ, ಇನ್ನೊಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಓಡುತ್ತಾಳೆ. ತಪ್ಪಿಸಿಕೊಳ್ಳುವವಳು ಕೂತವರ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಅಟ್ಟುವವಳು ನಡುಪಟ್ಟಿ ದಾಟುವಂತಿಲ್ಲ, ಹಿಡಿದ ದಿಕ್ಕು ಬಿಟ್ಟು ಹಿಂದೆ ತಿರುಗುವಂತಿಲ್ಲ. ಆಟ ಆಚೆ ಬದಿಗೆ ಹೋಗಬೇಕೆಂದರೆ ಒಂದೋ ಕೂತವಳಿಗೆ ಖೋ ಕೊಟ್ಟು ಎಬ್ಬಿಸಬೇಕು, ಇಲ್ಲವೇ ತಾನೇ ಕಂಬ ಸುತ್ತಬೇಕು.

ಕಂಬ ಸುತ್ತುವುದು ಎಂದರೇನು, ಲೆಕ್ಕ ಹಾಕಿ ನೋಡೋಣ. ಹುಡುಗಿಯ ತೂಕ 40 ಕೆ.ಜಿ., ಓಟದ ವೇಗ ಸೆಕೆಂಡಿಗೆ 4 ಮೀಟರ್ ಎಂದಿಟ್ಟುಕೊಳ್ಳಿ. ವೃತ್ತದಲ್ಲಿ ತಿರುಗಬೇಕಾದರೆ ಯಾವುದೋ ಒಂದು ಬಲ ಅವಳನ್ನು ಒಳಗೆ, ವೃತ್ತದ ಕೇಂದ್ರದ ಕಡೆಗೆ ಎಳೆಯುತ್ತಲೇ ಇರಬೇಕು. ಬಯಲಿನಲ್ಲಿ ಆ ಕೆಲಸ ಮಾಡುವುದು ಪಾದ ಮತ್ತು ನೆಲದ ನಡುವಿನ ಘರ್ಷಣೆ ಒಂದೇ. ಒಣಗಿದ ಗಟ್ಟಿ ನೆಲದಲ್ಲಿ ಘರ್ಷಣೆಯ ಗುಣಾಂಕ 0.7 ಎಂದುಕೊಂಡರೆ, ನೆಲ ಕೊಡಬಹುದಾದ ಅತಿ ಹೆಚ್ಚಿನ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 7 ಮೀಟರ್. ವೇಗದ ವರ್ಗ 16ನ್ನು 7ರಿಂದ ಭಾಗಿಸಿ: 2.3 ಮೀಟರ್. ಅದಕ್ಕಿಂತ ಚಿಕ್ಕ ತ್ರಿಜ್ಯದಲ್ಲಿ ಅವಳು ತಿರುಗಲು ಹೋದರೆ ಕಾಲು ಜಾರುತ್ತದೆ. ಎಷ್ಟೇ ಅಭ್ಯಾಸ ಮಾಡಲಿ, ನೆಲ ಅದಕ್ಕಿಂತ ಹೆಚ್ಚು ಕೊಡುವುದಿಲ್ಲ.

ಈಗ ಅವಳ ಕೈ ಕಂಬಕ್ಕೆ ಬೀಳಲಿ! ಅವಳ ಗುರುತ್ವ ಕೇಂದ್ರ ಕಂಬದಿಂದ ಸುಮಾರು 80 ಸೆಂಟಿಮೀಟರ್ ದೂರದಲ್ಲಿ ಸುತ್ತುತ್ತದೆ ಎನ್ನಿ. ಬೇಕಾಗುವ ವೇಗೋತ್ಕರ್ಷ 16ನ್ನು 0.8ರಿಂದ ಭಾಗಿಸಿದಷ್ಟು, ಅಂದರೆ 20. ಗುರುತ್ವದ ಎರಡರಷ್ಟು! ಅದಕ್ಕೆ ಬೇಕಾದ ಬಲ 800 ನ್ಯೂಟನ್. ಅವಳ ತೂಕವೇ 392 ನ್ಯೂಟನ್ ಎಂಬುದನ್ನು ನೆನಪಿಡಿ. ಪಾದದ ಘರ್ಷಣೆ ಅದರಲ್ಲಿ 270 ನ್ಯೂಟನ್ ಹೊತ್ತುಕೊಂಡರೆ, ಉಳಿದ 530 ನ್ಯೂಟನ್ ಪೂರ್ತಿ ಒಂದು ತೋಳಿನ ಮೇಲೆ! ತನ್ನ ಮೈತೂಕಕ್ಕಿಂತ ಹೆಚ್ಚಿನ ಭಾರವನ್ನು ಒಂದೇ ಕೈಯಲ್ಲಿ ತಡೆದು ಹದಿನಾಲ್ಕು ವರ್ಷದ ಹುಡುಗಿ ನಗುನಗುತ್ತಾ ಓಡಿಹೋಗುತ್ತಾಳೆ. ಕಂಬದ ಬುಡವನ್ನು ಅಷ್ಟು ಆಳಕ್ಕೆ ಹೂಳುವುದು ಏಕೆ, ಪಿ.ಟಿ. ಮೇಷ್ಟ್ರು ಆಟಕ್ಕೆ ಮುಂಚೆ ಕಂಬ ಅಲ್ಲಾಡಿಸಿ ನೋಡುವುದು ಏಕೆ ಎಂಬುದು ಈಗ ಅಂಕಿಯಲ್ಲೇ ಕಾಣುತ್ತದೆ.

ಲಾಭ ಎಷ್ಟು? ಕಂಬ ಹಿಡಿದು ಅರ್ಧ ಸುತ್ತು ತಿರುಗಲು 0.63 ಸೆಕೆಂಡು. ಕಂಬ ಮುಟ್ಟದೆ ದೊಡ್ಡ ವೃತ್ತದಲ್ಲಿ ತಿರುಗಲು 1.8 ಸೆಕೆಂಡು. ವ್ಯತ್ಯಾಸ ಒಂದು ಸೆಕೆಂಡಿಗೂ ಹೆಚ್ಚು. ಅಷ್ಟರಲ್ಲಿ ಎದುರಾಳಿ 4 ಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತಾಳೆ. ಪೋಲ್ ಡೈವ್, ಪೋಲ್ ಟರ್ನ್ ಎಂದು ಆಟಗಾರರು ದಿನವೂ ಅಭ್ಯಾಸ ಮಾಡುವುದರ ಹಿಂದೆ ಇರುವುದು ಈ ಒಂದು ಸೆಕೆಂಡು.

ಇದೇ ತಿರುವನ್ನು ಶಾಲೆಯ ಮಹಡಿಯ ಮೇಲಿನಿಂದ ಚಿತ್ರೀಕರಿಸಿದರೆ ಇನ್ನೊಂದು ಅಚ್ಚರಿ ಕಾದಿದೆ. ಬೆವರಿಗೆ ಕೈ ಜಾರಿತು ಎನ್ನಿ. ಹುಡುಗಿ ಯಾವ ಕಡೆಗೆ ಹೋಗುತ್ತಾಳೆ? ಕಂಬದಿಂದ ನೇರ ಹೊರಕ್ಕೆ ಎಂದು ಬಹಳ ಮಂದಿ ಹೇಳುತ್ತಾರೆ. ಪರದೆ ಬೇರೆಯದನ್ನೇ ತೋರಿಸುತ್ತದೆ. ಕೈ ಬಿಟ್ಟ ಕ್ಷಣದಲ್ಲಿ ಅವಳು ಯಾವ ದಿಕ್ಕಿಗೆ ಓಡುತ್ತಿದ್ದಳೋ ಅದೇ ದಿಕ್ಕಿನಲ್ಲಿ, ವೃತ್ತದ ಅಂಚನ್ನು ಸವರಿಕೊಂಡಂತೆ ನೇರ ಗೆರೆಯಲ್ಲಿ ಸಾಗುತ್ತಾಳೆ, ಕವಣೆಯಿಂದ ಬಿಟ್ಟ ಕಲ್ಲಿನ ಹಾಗೆ. ಹೊರಗೆ ತಳ್ಳುವ ಬಲ ಎಲ್ಲೂ ಇಲ್ಲ. ಒಳಗೆ ಎಳೆಯುತ್ತಿದ್ದ ಬಲ ನಿಂತಿತು, ಅಷ್ಟೇ. ನ್ಯೂಟನ್ನನ ಮೊದಲನೇ ನಿಯಮವನ್ನು ಇಷ್ಟು ಸ್ಪಷ್ಟವಾಗಿ ಬೇರೆಲ್ಲಿ ನೋಡಲು ಸಿಗುತ್ತದೆ!

ಕೋನಮಾಪಕದಲ್ಲಿ ಅಳೆದ ಬಲ

ಈಗ ಕಂಬ ಬಿಟ್ಟು ಬಯಲಿಗೆ ಬನ್ನಿ. ರಿಂಗ್ ಎಂಬ ಓಟದಲ್ಲಿ ತಪ್ಪಿಸಿಕೊಳ್ಳುವವಳು ಕೂತವರನ್ನು ಬಳಸಿ ಕಮಾನು ಕಮಾನಾಗಿ ಓಡುತ್ತಾಳೆ. ಅವಳು ತಿರುವಿನಲ್ಲಿ ಕ್ಯಾಮೆರಾದ ಕಡೆಗೆ ನೇರವಾಗಿ ಬರುವ ಫ್ರೇಮನ್ನು ಹುಡುಕಿ ನಿಲ್ಲಿಸಿ. ನೆಲವೂರಿದ ಪಾದದಿಂದ ಸೊಂಟದ ನಡುವಿಗೆ ಒಂದು ಗೆರೆ ಎಳೆಯಿರಿ. ಆ ಗೆರೆ ಲಂಬಕ್ಕೆ ಎಷ್ಟು ಡಿಗ್ರಿ ಓರೆಯಾಗಿದೆ ಎಂದು ಮಾನಿಟರಿನ ಮೇಲೇ ಕೋನಮಾಪಕ ಇಟ್ಟು ಓದಿ.

ಆ ಕೋನದ ಟ್ಯಾನ್ ಬೆಲೆಯೇ ಅವಳ ವೇಗೋತ್ಕರ್ಷಕ್ಕೂ ಗುರುತ್ವಕ್ಕೂ ಇರುವ ಅನುಪಾತ! 20 ಡಿಗ್ರಿ ಇದ್ದರೆ ಗುರುತ್ವದ 0.36ರಷ್ಟು. 30 ಡಿಗ್ರಿ ಇದ್ದರೆ 0.58ರಷ್ಟು. 45 ಡಿಗ್ರಿ ಬಂದರೆ ಸರಿಯಾಗಿ ಗುರುತ್ವದಷ್ಟೇ. ಯಾವ ಯಂತ್ರವೂ ಬೇಡ, ಯಾವ ಸೆನ್ಸರೂ ಬೇಡ. ಓಡುತ್ತಿರುವ ಮನುಷ್ಯದೇಹವೇ ತನ್ನ ಮೇಲಿನ ಬಲವನ್ನು ಓರೆಯಾಗಿ ನಿಂತು ತೋರಿಸುತ್ತಿದೆ, ಓದಿಕೊಳ್ಳಬೇಕು ಅಷ್ಟೇ. ಬಲಗಳು ಬೀಳಿಸದಂತೆ ಸಮತೋಲ ಸಾಧಿಸಲು ಎಷ್ಟು ಬಾಗಬೇಕೋ ಅಷ್ಟೇ ಬಾಗುವುದನ್ನು ಮೈ ತಾನಾಗಿ ಕಲಿತುಬಿಟ್ಟಿದೆ. ಆ ಹುಡುಗಿಗೆ ತ್ರಿಕೋನಮಿತಿ ಇನ್ನೂ ಮುಂದಿನ ವರ್ಷದ ಪಾಠ. ಅವಳ ಸ್ನಾಯುಗಳಿಗೆ ಅದು ಆಗಲೇ ಗೊತ್ತು!

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಯಾರೋ ತಿರುವಿನಲ್ಲಿ ಜಾರಿ ಬಿದ್ದಿದ್ದರೆ ಆ ವಿಡಿಯೊವನ್ನು ಅಳಿಸಬೇಡಿ. ಕಾಲು ಜಾರುವುದಕ್ಕೆ ಮುಂಚಿನ ಕೊನೆಯ ಫ್ರೇಮಿನಲ್ಲಿ ಅವಳ ಓರೆ ಎಷ್ಟಿತ್ತು ನೋಡಿ. 35 ಡಿಗ್ರಿ ಎನ್ನಿ. ಟ್ಯಾನ್ 35 ಎಂದರೆ 0.7. ನಿಮ್ಮ ಶಾಲೆಯ ನೆಲಕ್ಕೂ ಅವಳ ಪಾದಕ್ಕೂ ನಡುವಿನ ಘರ್ಷಣೆಯ ಗುಣಾಂಕ ಸುಮಾರು ಅಷ್ಟೇ! ಬೆಳಿಗ್ಗೆ ಇಬ್ಬನಿಯಲ್ಲಿ ನೆನೆದ ನೆಲ, ಮಧ್ಯಾಹ್ನದ ಒಣ ನೆಲ, ನೀರು ಚಿಮುಕಿಸಿ ಗುಡಿಸಿದ ನೆಲ, ಬರಿಗಾಲು, ಶೂ ಕಾಲು. ಒಂದೊಂದಕ್ಕೂ ಒಂದೊಂದು ಕೋನ. ಒಂದು ವಾರದ ಕೆಲಸದಲ್ಲಿ ನಿಮ್ಮದೇ ಅಂಗಳದ ಘರ್ಷಣೆಯ ಪಟ್ಟಿ ಸಿದ್ಧವಾಗುತ್ತದೆ. ಅದು ಯಾವ ಪುಸ್ತಕದಲ್ಲೂ ಇಲ್ಲ, ಅಂತರ್ಜಾಲದಲ್ಲೂ ಇಲ್ಲ.

ಡೈವ್‌ನೊಳಗಿನ ಬೆಸ ಸಂಖ್ಯೆಗಳು

ಮೈ ಜುಮ್ಮೆನ್ನಿಸುವ ಭಾಗ ಇದು. ಅಟ್ಟುವವಳು ಎದುರಾಳಿಯನ್ನು ಮುಟ್ಟಲು ಮೈಯನ್ನು ಮುಂದಕ್ಕೆ ಚಾಚಿ ಹಾರುತ್ತಾಳೆ. ಬದಿಯಿಂದ, ಓಟದ ದಿಕ್ಕಿಗೆ ಲಂಬವಾಗಿ ನಿಂತ ಕ್ಯಾಮೆರಾ ಅದನ್ನು ಹಿಡಿದಿದೆ. ಸೊಂಟದ ಬಳಿ ಅಂಟಿಸಿದ ಬಿಳಿ ಪಟ್ಟಿಯನ್ನು ಗುರಿಯಾಗಿಟ್ಟುಕೊಂಡು, ಪ್ರತಿ ಹನ್ನೆರಡು ಫ್ರೇಮಿಗೊಮ್ಮೆ ಒಂದು ಚುಕ್ಕಿ ಇಡುತ್ತಾ ಹೋಗಿ. 240ರಲ್ಲಿ ಹನ್ನೆರಡು ಫ್ರೇಮ್ ಎಂದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ.

ಮೊದಲು ಚುಕ್ಕಿಗಳ ಅಡ್ಡ ಅಂತರ ಅಳೆಯಿರಿ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಾರಿದ್ದರೆ ಚುಕ್ಕಿಯಿಂದ ಚುಕ್ಕಿಗೆ 25 ಸೆಂಟಿಮೀಟರ್, ಮತ್ತೆ 25, ಮತ್ತೆ 25. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಗಾಳಿಯಲ್ಲಿ ಮುಂದಕ್ಕೆ ತಳ್ಳುವವರೂ ಇಲ್ಲ, ಹಿಂದಕ್ಕೆ ಎಳೆಯುವವರೂ ಇಲ್ಲ.

ಈಗ ಕೆಳಗಿಳಿದ ಅಂತರ ಅಳೆಯಿರಿ. ನೆಲಕ್ಕೆ ಸಮಾನಾಂತರವಾಗಿ ಹಾರಿದ ಡೈವ್ ಆದರೆ ಮೊದಲ ಜಿಗಿತದಲ್ಲಿ 1.2 ಸೆಂಟಿಮೀಟರ್. ಆಮೇಲೆ 3.7. ಆಮೇಲೆ 6.1. ಆಮೇಲೆ 8.6, 11, 13.5, 15.9. ಇದೇನು ಅಡ್ಡಾದಿಡ್ಡಿ ಅಂಕಿಗಳು ಎನಿಸುತ್ತದೆಯೇ? ಎಲ್ಲವನ್ನೂ ಮೊದಲನೆಯದರಿಂದ ಭಾಗಿಸಿ. 1, 3, 5, 7, 9, 11, 13! ಬೆಸ ಸಂಖ್ಯೆಗಳು ಸಾಲಾಗಿ ಬಂದು ನಿಂತಿವೆ! ಒಂದರ ಮೇಲೊಂದು ಕೂಡಿಸುತ್ತಾ ಹೋದರೆ 1, 4, 9, 16, 25, 36, 49. ವರ್ಗಸಂಖ್ಯೆಗಳು! ಸೊಂಟ 60 ಸೆಂಟಿಮೀಟರ್ ಕೆಳಗಿಳಿದು ನೆಲ ಸೇರುವ ಹೊತ್ತಿಗೆ 0.35 ಸೆಕೆಂಡು ಕಳೆದಿದೆ, ಹುಡುಗಿ 1.75 ಮೀಟರ್ ಮುಂದೆ ಹೋಗಿದ್ದಾಳೆ.

ಈ ಬೆಸ ಸಂಖ್ಯೆಗಳ ನಿಯಮವನ್ನು ಕಂಡವನು ಗೆಲಿಲಿಯೊ. 1638ರಲ್ಲಿ ಪ್ರಕಟವಾದ ಅವನ ಕೊನೆಯ ಮಹಾಗ್ರಂಥದಲ್ಲಿ ಅದು ಇದೆ. ನೇರವಾಗಿ ಬೀಳುವ ವಸ್ತುವನ್ನು ಅಳೆಯಲು ಅವನ ಕಾಲದ ಗಡಿಯಾರಗಳಿಗೆ ಸಾಧ್ಯವಿರಲಿಲ್ಲ. ಆದ್ದರಿಂದ ಇಳಿಜಾರು ಹಲಗೆಯ ತೋಡಿನಲ್ಲಿ ಗುಂಡು ಉರುಳಿಸಿ ಬೀಳುವಿಕೆಯನ್ನೇ ನಿಧಾನ ಮಾಡಿದ, ಪಾತ್ರೆಯಿಂದ ಸುರಿದ ನೀರನ್ನು ತೂಗಿ ಕಾಲ ಅಳೆದ. ಅವನು ಹಲಗೆಯಿಂದ ಮಾಡಿದ ಕೆಲಸವನ್ನು ಇಂದು ಮೊಬೈಲಿನ ಸ್ಲೋ ಮೋಷನ್ ಮಾಡುತ್ತಿದೆ. ಸುಮಾರು ನಾಲ್ಕು ಶತಮಾನಗಳ ಹಿಂದೆ ಇಟಲಿಯಲ್ಲಿ ಕಂಡ ಅದೇ ಸಾಲು, ಅದೇ ಕ್ರಮದಲ್ಲಿ, ನಮ್ಮ ಹಳ್ಳಿಯ ಶಾಲೆಯ ಕೆಮ್ಮಣ್ಣಿನ ಅಂಗಳದಲ್ಲಿ ಸಿಗುತ್ತದೆ. ಸಿಗಲೇಬೇಕು!

ತೂಕ ಹೆಚ್ಚಿರುವ ಗೆಳತಿ ಬೇಗ ಬೀಳುತ್ತಾಳೆಯೇ? ಅದನ್ನೂ ನೋಡಿಬಿಡಿ. ಇಬ್ಬರ ಸೊಂಟವೂ ಅದೇ ಎತ್ತರದಿಂದ ಇಳಿಯಲು ತೆಗೆದುಕೊಳ್ಳುವುದು ಅದೇ 84 ಫ್ರೇಮ್. ಗುರುತ್ವ ಯಾರಿಗೂ ಪಕ್ಷಪಾತ ಮಾಡುವುದಿಲ್ಲ.

ನೆಲ ಮುಟ್ಟಿದ ಮೇಲೆ? ಒಳ್ಳೆಯ ಆಟಗಾರ್ತಿ ಬಿದ್ದಲ್ಲೇ ನಿಲ್ಲುವುದಿಲ್ಲ, ಜಾರುತ್ತಾಳೆ. ಸೆಕೆಂಡಿಗೆ 4 ಮೀಟರ್ ವೇಗ 10 ಸೆಂಟಿಮೀಟರಿನಲ್ಲಿ ನಿಂತರೆ ಗುರುತ್ವದ ಎಂಟರಷ್ಟು ಹೊಡೆತ. ಅದೇ ವೇಗ ಒಂದು ಮೀಟರ್ ಜಾರಿ ನಿಂತರೆ ಹೊಡೆತ ಅದರ ಹತ್ತನೇ ಒಂದು ಭಾಗ. ಆದ್ದರಿಂದಲೇ ಡೈವ್ ಮಾಡುವುದು ಸಡಿಲ ಮಣ್ಣಿನ ಮೇಲೆ ಅಥವಾ ಮ್ಯಾಟ್ ಮೇಲೆ ಮಾತ್ರ. ಸಿಮೆಂಟು ನೆಲದಲ್ಲಿ ವಿಡಿಯೊಗಾಗಿ ಯಾರನ್ನೂ ಹಾರಿಸಬೇಡಿ. ಲೆಕ್ಕವೇ ಬೇಡ ಎನ್ನುತ್ತಿದೆ.

ಮೂಗು ಸುಳ್ಳು ಹೇಳುತ್ತದೆ, ಸೊಂಟ ಹೇಳುವುದಿಲ್ಲ

“ಮುಖ ನೋಡ್ಬೇಡ, ಸೊಂಟ ನೋಡು!” ಪಿ.ಟಿ. ಮೇಷ್ಟ್ರು ಅಂಗಳದ ಅಂಚಿನಿಂದ ಕೂಗುವ ಮಾತು ಇದು. ಇದಕ್ಕೆ ಅರ್ಥವೇನು? ತಪ್ಪಿಸಿಕೊಳ್ಳುವವಳು ಬಲಕ್ಕೆ ಹೋದಂತೆ ಮಾಡಿ ಎಡಕ್ಕೆ ಓಡಿದ ದೃಶ್ಯವನ್ನು ತೆಗೆದುಕೊಳ್ಳಿ. ಮೂಗಿಗೆ ಕೆಂಪು ಚುಕ್ಕಿ, ಸೊಂಟಕ್ಕೆ ನೀಲಿ ಚುಕ್ಕಿ ಇಡುತ್ತಾ ಬನ್ನಿ. ಕೆಂಪು ಚುಕ್ಕಿಗಳು ಬಲಕ್ಕೆ ಹಾರಿ ಎಡಕ್ಕೆ ಚಿಮ್ಮಿ ಕುಣಿದಾಡುತ್ತವೆ. ನೀಲಿ ಚುಕ್ಕಿಗಳು ಹೆಚ್ಚು ಕಡಿಮೆ ಒಂದೇ ನಯವಾದ ಗೆರೆಯಲ್ಲಿ ಸಾಗುತ್ತವೆ! ತಲೆ, ಭುಜ, ಕೈ ಎಲ್ಲಿಗೆ ಬೇಕಾದರೂ ಹೋಗಬಹುದು. ಗುರುತ್ವ ಕೇಂದ್ರವನ್ನು ಪಕ್ಕಕ್ಕೆ ಸರಿಸಬೇಕಾದರೆ ಮಾತ್ರ ನೆಲವನ್ನು ತಳ್ಳಲೇಬೇಕು, ಅದಕ್ಕೆ ಸಮಯ ಬೇಕು. ಮೇಷ್ಟ್ರ ಕೂಗಿನಲ್ಲಿ ಇಷ್ಟು ವಿಜ್ಞಾನ ಇತ್ತು!

ಕೂತಿರುವವಳು ಏಳುವುದನ್ನೂ ನೋಡಿ. ಖೋ ಬಿದ್ದ ತಕ್ಷಣ ಅವಳ ಹಿಮ್ಮಡಿಯ ಹಿಂದೆ ಒಂದು ಹಿಡಿ ದೂಳು ಹಿಂದಕ್ಕೆ ಚಿಮ್ಮುತ್ತದೆ. ಅವಳು ನೆಲವನ್ನು ಹಿಂದಕ್ಕೆ ತಳ್ಳಿದಳು, ನೆಲ ಅವಳನ್ನು ಮುಂದಕ್ಕೆ ತಳ್ಳಿತು. ನ್ಯೂಟನ್ನನ ಮೂರನೇ ನಿಯಮಕ್ಕೆ ದೂಳೇ ಸಾಕ್ಷಿ. 40 ಕೆ.ಜಿ. ಮೈಯನ್ನು 40 ಸೆಂಟಿಮೀಟರ್ ಮೇಲೆತ್ತಲು 157 ಜೂಲ್ ಶಕ್ತಿ ಬೇಕು, ಸೆಕೆಂಡಿಗೆ 4 ಮೀಟರ್ ವೇಗಕ್ಕೆ ತರಲು ಇನ್ನೂ 320 ಜೂಲ್. ಒಂದೇ ಸೆಕೆಂಡಿನಲ್ಲಿ ಇದೆಲ್ಲ ಮುಗಿಸಿದರೆ ಅದು ಹತ್ತಿರ ಹತ್ತಿರ ಮೂರನೇ ಎರಡು ಅಶ್ವಶಕ್ತಿ! ಕೂರುವುದರಲ್ಲೂ ಎರಡು ಬಗೆ ಇದೆ: ಎರಡೂ ಪಾದ ಸಮಸಾಲಿನಲ್ಲಿಟ್ಟು ಕೂರುವುದು ಒಂದು, ಒಂದು ಪಾದ ಹಿಂದಿಟ್ಟು ಬುಲೆಟ್ ಟೋ ಭಂಗಿಯಲ್ಲಿ ಕೂರುವುದು ಇನ್ನೊಂದು. ಮೊದಲ ಎರಡು ಮೀಟರನ್ನು ಬೇಗ ದಾಟಿಸುವುದು ಯಾವುದು? ನಿಮ್ಮ ತಂಡದಲ್ಲೇ ಅಳೆದು ಹೇಳಿ. ಇದು ನಿಜವಾದ ಸಂಶೋಧನೆಯ ಪ್ರಶ್ನೆ.

ಶಬ್ದದ ಪಾಠವೂ ಇಲ್ಲೇ ಇದೆ. ಖೋ ಎಂಬ ಕೂಗಿಗೂ ಕೂತವಳ ಮೈ ಮೊದಲು ಅಲುಗುವುದಕ್ಕೂ ನಡುವೆ ಎಷ್ಟು ಫ್ರೇಮ್? ಅದು ಅವಳ ಪ್ರತಿಕ್ರಿಯಾ ಕಾಲ. ವಿಶ್ವ ಅಥ್ಲೆಟಿಕ್ಸ್ ನಿಯಮದಲ್ಲಿ ಗುಂಡಿನ ಸದ್ದಾದ ಮೇಲೆ 0.1 ಸೆಕೆಂಡಿಗಿಂತ ಬೇಗ ಹೊರಟ ಓಟಗಾರನನ್ನು ತಪ್ಪು ಆರಂಭ ಎಂದು ಹಿಡಿಯುತ್ತಾರೆ, ಮನುಷ್ಯರಿಗೆ ಅದಕ್ಕಿಂತ ಬೇಗ ಸ್ಪಂದಿಸುವುದು ಆಗದು ಎಂಬ ಲೆಕ್ಕದಲ್ಲಿ. ನಿಮ್ಮ ಅಂಕಿ ಅದಕ್ಕಿಂತ ಕಡಿಮೆ ಬಂದರೆ ಅವಳು ಖೋ ಬರುವುದನ್ನು ಮೊದಲೇ ಊಹಿಸಿ ಎದ್ದಿದ್ದಾಳೆ ಎಂದರ್ಥ!

ಇದನ್ನು ಅಳೆಯುವ ಮೊಬೈಲು ಕೂತವಳ ಹತ್ತಿರವೇ ಇರಲಿ. ಏಕೆ? ಬಿಸಿಯೂಟದ ಎರಡು ತಟ್ಟೆ ತೆಗೆದುಕೊಂಡು ಒಬ್ಬ ಹುಡುಗ 100 ಮೀಟರ್ ಆಚೆ ನಿಂತು ಠಣ್ಣನೆ ಬಡಿಯಲಿ. ಸೆಕೆಂಡಿಗೆ 60 ಫ್ರೇಮಿನ ವಿಡಿಯೊದಲ್ಲಿ ತಟ್ಟೆಗಳು ಕೂಡಿ 17 ಅಥವಾ 18 ಫ್ರೇಮ್ ಕಳೆದ ಮೇಲೆ ಸದ್ದು ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಹೋಗಬಲ್ಲದು, ಬೆಳಕು ಕ್ಷಣಾರ್ಧದಲ್ಲಿ ಬಂದುಬಿಟ್ಟಿದೆ. ಶಬ್ದದ ವೇಗ ಊಟದ ತಟ್ಟೆಯಲ್ಲಿ ಸಿಕ್ಕಿಬಿಟ್ಟಿತು!

ಕಪ್ಪು ಬಟ್ಟೆ, ಬಿಳಿ ಪಟ್ಟಿ

ಹೀಗೆ ಚಲನೆಯನ್ನು ತುಂಡು ತುಂಡಾಗಿ ನೋಡುವ ಬೆರಗು ಹೊಸದಲ್ಲ. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್‌ವರ್ಡ್ ಮೈಬ್ರಿಜ್ ಓಡುವ ಕುದುರೆಯ ದಾರಿಯುದ್ದಕ್ಕೂ ಕ್ಯಾಮೆರಾಗಳ ಸಾಲು ಇಟ್ಟು, ಕುದುರೆಯ ನಾಲ್ಕೂ ಗೊರಸು ಒಮ್ಮೆಗೇ ನೆಲ ಬಿಟ್ಟಿರುವ ಕ್ಷಣವನ್ನು ಹಿಡಿದ. ಸಾವಿರಾರು ವರ್ಷ ಕುದುರೆ ಸಾಕಿದ ಮನುಷ್ಯನ ಕಣ್ಣು ಅಲ್ಲಿಯವರೆಗೆ ಅದನ್ನು ಖಚಿತವಾಗಿ ಕಂಡಿರಲಿಲ್ಲ! 1882ರಲ್ಲಿ ಫ್ರಾನ್ಸಿನ ಎಟಿಯೆನ್ ಜೂಲ್ ಮಾರೆ ಸೆಕೆಂಡಿಗೆ 12 ಚಿತ್ರ ತೆಗೆಯುವ ಬಂದೂಕಿನಾಕಾರದ ಕ್ಯಾಮೆರಾ ಕಟ್ಟಿದ. ಆಮೇಲೆ ಓಟಗಾರನಿಗೆ ಮೈತುಂಬ ಕಪ್ಪು ಬಟ್ಟೆ ತೊಡಿಸಿ, ಕೈಕಾಲುಗಳ ಮೇಲೆ ಬಿಳಿ ಗೆರೆ ಹಾಕಿ ಚಿತ್ರ ತೆಗೆದ. ದೇಹ ಮಾಯವಾಗಿ ಚಲನೆಯ ರೇಖೆಗಳಷ್ಟೇ ಉಳಿದವು.

ನಿಮ್ಮ ಮೊಬೈಲು ಮಾರೆಯ ಬಂದೂಕಿಗಿಂತ ಇಪ್ಪತ್ತು ಪಟ್ಟು ಚುರುಕು. ಕಪ್ಪು ಟ್ರ್ಯಾಕ್ ಪ್ಯಾಂಟಿನ ಮೊಣಕಾಲು, ಹಿಮ್ಮಡಿ, ಸೊಂಟಕ್ಕೆ ಬಿಳಿ ಟೇಪ್ ಅಂಟಿಸಿದರೆ ಮಾರೆಯ ವಿಧಾನ ನಿಮ್ಮ ಕೈಯಲ್ಲಿದೆ. ಫ್ರೇಮ್‌ಗಳನ್ನು ಒಂದೊಂದಾಗಿ ಸರಿಸಲು ವಿ.ಎಲ್.ಸಿ. ಪ್ಲೇಯರಿನಲ್ಲಿ ಕೀಲಿಮಣೆಯ ‘ಇ’ ಒತ್ತಿದರೆ ಸಾಕು. ಚುಕ್ಕಿ ಇಟ್ಟು ನಕ್ಷೆ ಬರೆಯಲು ಟ್ರ್ಯಾಕರ್ ಎಂಬ ಉಚಿತ ತಂತ್ರಾಂಶವಿದೆ, ಭೌತವಿಜ್ಞಾನ ಕಲಿಸುವವರಿಗಾಗಿಯೇ ಡಗ್ಲಸ್ ಬ್ರೌನ್ ಬರೆದದ್ದು. ಕಂಪ್ಯೂಟರ್ ಇಲ್ಲವೇ? ಟಿ.ವಿ. ಪರದೆಯ ಮೇಲೆ ಪಾರದರ್ಶಕ ಹಾಳೆ ಅಂಟಿಸಿ ಪೆನ್ನಿನಲ್ಲಿ ಚುಕ್ಕಿ ಇಡಿ, ಅದೂ ನಡೆಯುತ್ತದೆ.

ಕೆಲವು ಎಚ್ಚರಗಳು ಮಾತ್ರ ಬೇಕು. ಕ್ಯಾಮೆರಾ ಕೈಯಲ್ಲಿರಬಾರದು. ಬೆಂಚಿನ ಮೇಲೆ ಇಟ್ಟಿಗೆಗಳ ನಡುವೆ ಅಲುಗದಂತೆ ಕೂರಿಸಿ. ಅಂಗಳದಿಂದ ಆದಷ್ಟು ದೂರ ಇಡಿ, ಹತ್ತಿರವಿದ್ದರೆ ಅಂಚಿನ ಅಳತೆಗಳು ಸೊಟ್ಟಗಾಗುತ್ತವೆ. ಓಡುವವಳು ಇರುವ ಗೆರೆಯಲ್ಲೇ ಅಳತೆಗೋಲು ಇರಬೇಕು. ಖೋ ಖೋದಲ್ಲಿ ಅದೂ ತಯಾರಾಗಿ ನಿಂತಿದೆ: ಕಂಬದ ಎತ್ತರವನ್ನು ಟೇಪಿನಲ್ಲಿ ಅಳೆದುಬಿಟ್ಟರೆ ಕಂಬದ ಬಳಿಯ ಪ್ರತಿ ಫ್ರೇಮಿನಲ್ಲೂ ಒಂದು ಸ್ಕೇಲು ನೆಟ್ಟಂತೆ. ಬಿಸಿಲು ಚೆನ್ನಾಗಿರುವಾಗ ಚಿತ್ರೀಕರಿಸಿ, ಮಬ್ಬಿನಲ್ಲಿ ಓಡುವ ಕೈಕಾಲು ಕಲಸಿಹೋಗುತ್ತದೆ. ಒಂದೇ ಅಳತೆಯನ್ನು ಮತ್ತೆ ಮತ್ತೆ ತೆಗೆದು ಎಷ್ಟು ಏರುಪೇರಾಯಿತು ಎಂಬುದನ್ನೂ ವಿಡಿಯೊದಲ್ಲಿ ತೋರಿಸಿ. ಆ ಏರುಪೇರು ನಿಮ್ಮ ಪ್ರಾಮಾಣಿಕತೆಯ ಗುರುತು.

ವಿಡಿಯೊ ಎಂದರೆ ಅಳತೆಯ ಸಾಧನ

ಶಾಲೆಗಳ ಇಂಥ ಪ್ರಾಜೆಕ್ಟುಗಳಲ್ಲಿ ಬಹುಪಾಲು ಏನಾಗುತ್ತದೆ? ಎಲ್ಲಿಂದಲೋ ಇಳಿಸಿಕೊಂಡ ಆಟದ ತುಣುಕುಗಳು, ಹಿನ್ನೆಲೆಯಲ್ಲಿ ಸಂಗೀತ, ಮೇಲೆ ನ್ಯೂಟನ್ನನ ನಿಯಮಗಳ ಓದು. ನೋಡಲು ಚೆಂದ, ಆದರೆ ಅದನ್ನು ಮಾಡಿದ ಮಕ್ಕಳಿಗೆ ಮೊದಲೇ ಗೊತ್ತಿದ್ದದ್ದಕ್ಕಿಂತ ಹೆಚ್ಚೇನೂ ಗೊತ್ತಾಗುವುದಿಲ್ಲ. ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಇಟ್ಟುಕೊಂಡು ಹೊರಟರೆ ಕ್ಯಾಮೆರಾ ಅಳತೆಯ ಸಾಧನವಾಗುತ್ತದೆ, ಮಕ್ಕಳು ವಿಜ್ಞಾನಿಗಳಾಗುತ್ತಾರೆ. ಮೂರು ನಾಲ್ಕು ನಿಮಿಷದ ವಿಡಿಯೊ ಸಾಕು. ಮೊದಲು ಪ್ರಶ್ನೆ. ಆಮೇಲೆ ಆಟ, ಪೂರ್ತಿ ವೇಗದಲ್ಲಿ. ಆಮೇಲೆ ಅದೇ ಆಟ ನಿಧಾನವಾಗಿ. ಆಮೇಲೆ ಚುಕ್ಕಿ, ಅಳತೆ, ಲೆಕ್ಕ. ಕೊನೆಯಲ್ಲಿ ಕಂಡದ್ದೇನು ಎಂಬ ಒಂದು ಮಾತು, ತಮ್ಮದೇ ದನಿಯಲ್ಲಿ, ತಮ್ಮ ಊರಿನ ಕನ್ನಡದಲ್ಲಿ.

ಕೆಲಸವೂ ಎಲ್ಲರಿಗೂ ಸಿಗುತ್ತದೆ. ಓಡುವವರು ಓಡಲಿ, ಟೇಪ್ ಹಿಡಿಯುವವರು ಹಿಡಿಯಲಿ, ಅಂಕಿ ಬರೆಯುವವರು ಬರೆಯಲಿ. ವಿಜ್ಞಾನದ ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಅಂಗಳದಲ್ಲಿ ಚಿಗರೆ ಮರಿಯಾಗಿರಬಹುದು. ಅವಳ ಮೈಯೇ ಪ್ರಯೋಗವಾದಾಗ, ಅವಳ ಓರೆಯನ್ನೇ ಇಡೀ ತರಗತಿ ಕೋನಮಾಪಕ ಹಿಡಿದು ಅಳೆಯುವಾಗ, ಭೌತವಿಜ್ಞಾನ ತನ್ನದಲ್ಲ ಎಂದು ಅವಳಿಗೆ ಎಂದಾದರೂ ಅನಿಸೀತೇ?

2025ರ ಜನವರಿಯಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ಭಾರತದ ಪುರುಷರ ತಂಡವೂ ಮಹಿಳೆಯರ ತಂಡವೂ ಫೈನಲ್‌ನಲ್ಲಿ ನೇಪಾಳವನ್ನು ಮಣಿಸಿ ಕಪ್ ಗೆದ್ದವು. ಆ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು, ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಕಣ್ಣು ಕೋರೈಸುವ ಬೆಳಕಿನ ಒಳಾಂಗಣದ ಮ್ಯಾಟ್ ಮೇಲೆ ಅವರು ಹಾರಿದಾಗಲೂ ಸೊಂಟ ಇಳಿದದ್ದು ಒಂದು, ಮೂರು, ಐದು, ಏಳರ ಲೆಕ್ಕದಲ್ಲೇ. ನಿಮ್ಮ ಶಾಲೆಯ ಹುಡುಗಿಗೂ ಅವರಿಗೂ ಗುರುತ್ವ ಒಂದೇ!

ವಿಜ್ಞಾನದ ಟೀಚರ್‌ಗಳೇ, ಪಿ.ಟಿ. ಮೇಷ್ಟ್ರುಗಳೇ, ವಾರದಲ್ಲಿ ಒಂದು ಪೀರಿಯಡ್ ಇಬ್ಬರೂ ಕೂಡಿ ಅಂಗಳಕ್ಕೆ ಬನ್ನಿ. ವಿಡಿಯೊವನ್ನು ಶಾಲೆಯ ಹೊರಗೆ ತೋರಿಸುವುದಾದರೆ ಮಕ್ಕಳ ತಂದೆತಾಯಿಯ ಒಪ್ಪಿಗೆ ಮೊದಲೇ ಪಡೆಯಿರಿ. ನಿಮ್ಮ ಮೊಬೈಲನ್ನು ಒಂದು ಗಂಟೆ ಮಕ್ಕಳ ಕೈಗೆ ಕೊಡಿ, ಜೊತೆಗೆ ಅಳತೆ ಟೇಪನ್ನೂ ಕೊಡಿ. ಉತ್ತರವನ್ನು ಮಾತ್ರ ಮುಂಚಿತವಾಗಿ ಹೇಳಿಕೊಡಬೇಡಿ. ಬೆಸ ಸಂಖ್ಯೆಗಳನ್ನು ಅವರೇ ಕಂಡುಕೊಳ್ಳಲಿ.